ಸೋಮವಾರದ ಪೊಟ್ಯಾಸಿಯಂ

ಮಾಲಿನ್ಯ ಅಳೆಯುವ ಕಚೇರಿಯ ತಾರಸಿಯಲ್ಲಿ ಗಾಳಿ ಹೀರುವ ಯಂತ್ರವೊಂದಿತ್ತು. ಅದನ್ನು ಇಪ್ಪತ್ತಾರು ವರ್ಷ ಮಗುವಿನಂತೆ ನೋಡಿಕೊಂಡವನನ್ನು ಎಲ್ಲರೂ ಧೂಳಪ್ಪ ಎಂದೇ ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು, ಚಿಮಟದಿಂದ ಹಳೆಯ ಫಿಲ್ಟರ್ ತೆಗೆದು ಹೊಸದನ್ನು ಕೂರಿಸುವುದು ಅವನ ಕೆಲಸ. ಬೆಳ್ಳಗೆ ಹೋದದ್ದು ಬೂದು ಬಣ್ಣಕ್ಕೆ ತಿರುಗಿ ಬರುತ್ತಿತ್ತು. ಕೆಳಗೆ ಪ್ರಯೋಗಾಲಯದ ಮೇಡಂ ಆ ಕಣ್ಣಿಗೆ ಕಾಣದ ಕಣಗಳ ಜಾತಕ ಜಾಲಾಡುತ್ತಿದ್ದರು: ಸಲ್ಫೇಟ್ ಇದ್ದರೆ ಕಲ್ಲಿದ್ದಲು, ಮಸಿ ಇದ್ದರೆ ಡೀಸೆಲ್, ಸಿಲಿಕಾ ಇದ್ದರೆ ರಸ್ತೆಯ ಮಣ್ಣು, ಪೊಟ್ಯಾಸಿಯಂ ಇದ್ದರೆ ಸೌದೆ ಸೊಪ್ಪಿನ ಹೊಗೆ.

ಆ ವರ್ಷ ಪೊಟ್ಯಾಸಿಯಂ ಸರಾಸರಿ ಏರಿತು. ಸೌದೆ ಉರಿಸುವವರು ಯಾರೆಂದು ಸಾಹೇಬರು ಕಿಟಕಿಯಿಂದ ಇಣುಕಿದರು, ಎದುರಿನ ಬೇಕರಿ ಕಣ್ಣಿಗೆ ಬಿತ್ತು. ಅದು ಧೂಳಪ್ಪನ ತಂಗಿಯದು. ಗಂಡ ತೀರಿಕೊಂಡ ಮೇಲೆ ಅವಳ ಸಂಸಾರ ನಡೆಯುತ್ತಿದ್ದುದೇ ಆ ಸೌದೆ ಒಲೆಯಿಂದ. ಬೇಕರಿ ಮುಚ್ಚಬೇಕೆಂದು ನೋಟಿಸು ಹೋಯಿತು.

ಧೂಳಪ್ಪ ದಿನವಹಿ ಪಟ್ಟಿ ತೆಗೆದು ನೋಡಿದ. ಬೇಕರಿಯ ಒಲೆ ವಾರದ ಏಳೂ ದಿನ ಉರಿಯುತ್ತಿತ್ತು. ಪೊಟ್ಯಾಸಿಯಂ ಏರಿದ್ದು ಸೋಮವಾರ ಮಾತ್ರ. ಆ ವರ್ಷ ಕಸ ಗುಡಿಸುವವಳ ಹುದ್ದೆ ರದ್ದಾದ ಮೇಲೆ, ಯಂತ್ರಕ್ಕೆ ಕಸ ತಾಗಬಾರದೆಂದು ಪ್ರತಿ ಸೋಮವಾರ ತಾರಸಿಯ ತರಗೆಲೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕುತ್ತಿದ್ದವನು ಅವನೇ. ಸ್ವಚ್ಛತೆಗೆಂದು ಪ್ರಶಂಸಾಪತ್ರ ಬೇರೆ ಬಂದಿತ್ತು.

ಬಾಯಿಬಿಟ್ಟರೆ ತಂಗಿಯ ಬೇಕರಿ ಉಳಿಯುತ್ತದೆ; ನಿವೃತ್ತಿಗೆ ಮೂರೇ ತಿಂಗಳಿರುವಾಗ ತನ್ನ ಕೆಲಸಕ್ಕೆ ಸಂಚಕಾರ. ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದ.

"ಏನಪ್ಪಾ?"

"ಏನಿಲ್ಲ ಸಾರ್, ಕೈಗವಸು ಮುಗಿದೋಗಿದೆ."

ಸಾಹೇಬರು ಎರಡು ಡಬ್ಬಿ ಕೊಡಿಸಿದರು. ಊರವರ ಹೊಗೆಯನ್ನೆಲ್ಲ ಅಳೆದ ಮಹಾಶಯನಿಗೆ ತನ್ನ ಹೊಗೆ ಒಪ್ಪಿಕೊಳ್ಳುವ ಧೈರ್ಯ ಎಳ್ಳಷ್ಟೂ ಇರಲಿಲ್ಲ.

ಬೇಕರಿ ಮುಚ್ಚಿತು. ಅದೇ ವಾರದಿಂದ ಅವನು ತರಗೆಲೆಯನ್ನು ಸುಡದೆ ಚೀಲಕ್ಕೆ ತುಂಬಿ ಕೆಳಗೆ ಹೊತ್ತು ಹಾಕತೊಡಗಿದ. ಪೊಟ್ಯಾಸಿಯಂ ಇಳಿಯಿತು. ಬೇಕರಿ ಮುಚ್ಚಿಸಿದ್ದರ ಫಲ ಎಂದು ಸಾಹೇಬರು ವರದಿ ಬರೆದರು, ಪತ್ರಿಕೆಯಲ್ಲಿ ಅವರ ಫೋಟೋ ಬಂತು.

ತಂಗಿ ಆ ಪತ್ರಿಕೆ ಹಿಡಿದುಕೊಂಡೇ ಅಣ್ಣನ ಮನೆಗೆ ಬಂದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ಕೂತ.

"ನಾನು ಸಾಹೇಬ್ರಿಗೆ ಹಿಡಿಶಾಪ ಹಾಕ್ತಿದ್ದೆ. ಈಗ ನೋಡಿದ್ರೆ ತಪ್ಪು ನನ್ನ ಒಲೆದೇ," ಎಂದಳು. "ಇಷ್ಟು ವರ್ಷ ನಮ್ಮ ಹೊಗೇನ ಮೇಲೆ ನಿಂತು ನೀನೇ ಕುಡ್ದೆ. ಒಂದು ಮಾತೂ ಆಡ್ಲಿಲ್ಲ. ಕ್ಷಮಿಸಿಬಿಡು ಅಣ್ಣಾ."

"ಹೋಗ್ಲಿ ಬಿಡು," ಎಂದ ಅಣ್ಣ.