ಬಾಯಿ ಬಿಟ್ಟು ಎಣಿಸಿದ ಹುಚ್ಚಯ್ಯ

ಕಣದಲ್ಲಿ ರಾಗಿ ಅಳೆಯುವಾಗ ಹುಚ್ಚಯ್ಯನವರ ತುಟಿ ಅಲುಗುತ್ತಿರಲಿಲ್ಲ. ಮೊದಲ ಕೊಳಗವನ್ನು ಎತ್ತಿ ಸುರಿಯುವಾಗ ‘ಒಂದು’ ಎನ್ನದೆ ‘ಲಾಭ’ ಎನ್ನುವರು; ಅಲ್ಲಿಂದ ಮುಂದೆ ಮಾತಿಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗ ತುಂಬಿದಾಗಲೆಲ್ಲ ಎಡಗಾಲಿನ ಬಳಿ ಒಂದು ಬೆಣಚುಕಲ್ಲು ಇಡುವರು. ಎಣಿಕೆ ಬಾಯಿಗೆ ಬಂದರೆ ರಾಶಿಯ ಹುಲುಸು ಹೋಗುತ್ತದೆ ಎಂದು ಕೊಣನೂರು ಸುತ್ತಿನ ಆ ಊರಿನಲ್ಲಿ ಎಲ್ಲರೂ ನಂಬಿದ್ದರು. ಅಳತೆ ಮುಗಿಯುವ ತನಕ ರಾಶಿಯ ಒಡೆಯರೂ ಕೆಮ್ಮು ತಡೆದುಕೊಂಡು ನಿಲ್ಲುತ್ತಿದ್ದರು. ಹದಿನೆಂಟು ಸುಗ್ಗಿಗಳಲ್ಲಿ ಹುಚ್ಚಯ್ಯನವರ ಲೆಕ್ಕ ಒಂದು ಕೊಳಗವೂ ತಪ್ಪಿರಲಿಲ್ಲ. ಊರಿನ ಐದು ದೊಡ್ಡ ಕಣಗಳವರು ಅವರನ್ನೇ ಕರೆಯುತ್ತಿದ್ದರು; ಅಳತೆಗೆ ಸಿಗುವ ರಾಗಿಯೇ ಮನೆಗೆ ವರ್ಷದ ಊಟ.

೧೯೫೯ರ ಡಿಸೆಂಬರಿನಲ್ಲಿ, ಕೊಯ್ಲು ಮುಗಿದು ಕಣ ಸಾರಿಸುವ ಹೊತ್ತಿಗೆ, ಎರಡು ಮೈಲಿ ಆಚೆಯ ಮಿಡ್ಲ್ ಸ್ಕೂಲಿನಿಂದ ಅವರಿಗೆ ಕರೆ ಬಂತು. ಎಂಟನೇ ಕ್ಲಾಸಿನಲ್ಲಿದ್ದ ಮಗಳು ಮಲ್ಲಿಗಮ್ಮನಿಗೆ ಗಣಿತದಲ್ಲಿ ನೂರಕ್ಕೆ ಹದಿನಾಲ್ಕು ಬಂದಿತ್ತು.

ಗಣಿತದ ಚಲುವಯ್ಯ ಮೇಷ್ಟ್ರು ಉತ್ತರಪತ್ರಿಕೆ ಹಿಡಿದು ಸ್ಕೂಲಿನ ಜಗಲಿಗೆ ಬಂದರು. ಹುಚ್ಚಯ್ಯ ಜಗಲಿ ಹತ್ತದೆ ಕೆಳಗೇ ನಿಂತರು.

“ಹತ್ತು ಲೆಕ್ಕದಲ್ಲಿ ಎಂಟರ ಉತ್ತರ ಸರಿಯಾಗಿದೆ” ಎಂದರು ಮೇಷ್ಟ್ರು.

“ಅಂಗಾರೆ ಹದಿನಾಕೇ ಯಾಕೆ ಸಾ?”

“ಬರೀ ಉತ್ತರ ಬರ್ದಿದ್ದಾಳೆ, ಹಂತ ಒಂದೂ ಇಲ್ಲ. ಇವಳು ಕಾಪಿ ಹೊಡೆಯೋಳಲ್ಲ ಅಂತ ನನಗೆ ಗೊತ್ತು. ಏಪ್ರಿಲ್‌ನಲ್ಲಿ ಲೋಯರ್ ಸೆಕೆಂಡರಿ ಪೇಪರು ತಿದ್ದೋರಿಗೆ ಅದು ಹೇಗೆ ಗೊತ್ತಾಗುತ್ತೆ? ಅಡ್ಡಗೀಟು ಹಾಕಿ ಬಿಸಾಕ್ತಾರೆ.”

“ನೀವು ಒಸಿ ಏಳ್ಕೊಡಿ ಸಾ.”

“ಆರು ತಿಂಗಳಿಂದ ಹೇಳ್ತಿದ್ದೀನಿ. ಉತ್ತರ ಎಲ್ಲಿಂದ ಬಂತಮ್ಮಾ ಅಂದ್ರೆ ‘ಬಂತು ಸಾ’ ಅಂತಾಳೆ. ಬಾಯಿ ಮುಚ್ಕೊಂಡು ಲೆಕ್ಕ ಮಾಡೋದನ್ನ ಯಾರಯ್ಯಾ ಕಲಿಸಿದ್ದು ಇವಳಿಗೆ?”

ಕಲಿಸಿದವರು ಹುಚ್ಚಯ್ಯನವರೇ. ಐದು ವರ್ಷದವಳಿದ್ದಾಗಿನಿಂದ ಮಗಳನ್ನು ಕಣದ ಅಂಚಿನಲ್ಲಿ ಕೂರಿಸಿಕೊಂಡಿದ್ದರು. ಅವಳ ತುಟಿ ಅಲುಗಿದರೆ ಕಣ್ಣಲ್ಲೇ ಗದರುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ “ಎಷ್ಟಾಯ್ತು?” ಎಂದು ಕೇಳಿದರೆ ಅವಳು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ಅದು ಸರಿಯಾಗಿಯೇ ಇರುತ್ತಿತ್ತು. ಅವರಿಗೆ ಅದೊಂದು ಹೆಮ್ಮೆ.

ಗಣಿತದಲ್ಲಿ ಮೂವತ್ತೈದು ಬಂದರೆ ಅರಕಲಗೂಡಿನ ಹೈಸ್ಕೂಲು. ಬಾರದಿದ್ದರೆ ಕಟ್ಟಾಯದ ಸೋದರಮಾವನ ಮಗ ಕಾದಿದ್ದ. ಹೆಂಡತಿ ಮಾದಮ್ಮ ಅಣ್ಣನಿಗೆ ಹೀಗೆಂದು ಮಾತು ಕೊಟ್ಟಾಗಿತ್ತು: ಹುಡುಗಿ ಫೇಲಾದರೆ ಮರುಮಾತಿಲ್ಲ, ಜ್ಯೇಷ್ಠದಲ್ಲಿ ಧಾರೆ.

ಆ ವಾರ ಹುಚ್ಚಯ್ಯ ಕೂತಲ್ಲಿ ಕೂರಲಿಲ್ಲ. ಉಣ್ಣುವಾಗ ನಡುವೆ ಎದ್ದು ಹಟ್ಟಿಯ ಬಾಗಿಲಿಗೆ ಹೋಗಿ ನಿಂತು ಬರುವರು. ಹಗ್ಗ ಹೊಸೆಯಲು ಕೂತು ಅರ್ಧಕ್ಕೆ ಬಿಡುವರು. ಕೊನೆಗೆ ಒಂದು ಸಂಜೆ ಮಗಳ ಎದುರು ಕೂತು, “ಓದವ್ವ ಆ ಲೆಕ್ಕವ” ಎಂದರು.

ಮಲ್ಲಿಗಮ್ಮ ಪುಸ್ತಕ ನೋಡಿ ಓದಿದಳು. ರಾಶಿಯಲ್ಲಿ ಮೂರರಲ್ಲೊಂದು ಭಾಗ ಗೇಣಿಗೆ ಹೋಯಿತು, ಐದರಲ್ಲೊಂದು ಭಾಗ ಕೂಲಿಗೆ ಹೋಯಿತು, ಎಂಬತ್ತನಾಲ್ಕು ಕೊಳಗ ಉಳಿಯಿತು. ಇಡೀ ರಾಶಿ ಎಷ್ಟು?

“ನೂರೆಂಬತ್ತು” ಎಂದರು ಹುಚ್ಚಯ್ಯ.

“ನಂಗೂ ಅದೇ ಬಂತು. ಎಂಗೆ ಬಂತಪ್ಪ?”

ಹುಚ್ಚಯ್ಯ ಬಾಯಿ ತೆರೆದರು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದರು. ಎದ್ದು ಹೊರಗೆ ಹೋದರು.

“ಓಗ್ಲಿ ಬುಡು. ಅಪ್ಪ ಮಗಳು ಇಬ್ರೂ ಮೂಕಬಸವರು” ಎಂದರು ಮಾದಮ್ಮ ಒಲೆಯ ಮುಂದಿನಿಂದ.

ಮನೆಯೊಳಗೆ ಕಾಳಿನ ಗುಡಾಣದ ಪಕ್ಕ ಕೂತು ಎಣಿಕೆಯನ್ನು ಬಾಯಿಗೆ ತರಲು ತಮ್ಮಿಂದಾಗದು ಎಂದು ಅವರಿಗೆ ತಿಳಿಯಿತು. ಮರುದಿನ ಬೆಳಗ್ಗೆ ಒಡೆದ ಸೇರು ಒಂದನ್ನು ಹಿಡಿದು ಮಗಳನ್ನು ಕಾವೇರಿಯ ದಂಡೆಗೆ ಕರೆದೊಯ್ದರು. ಮರಳಿಗೆ ಹುಲುಸಿಲ್ಲ, ಹೋದರೆ ಯಾರ ಗಂಟೂ ಅಲ್ಲ. ಸೇರು ತುಂಬಿ ಸುರಿದು “ಒಂದು” ಎಂದರು. ಮೀನು ಹಿಡಿಯುತ್ತಿದ್ದವನೊಬ್ಬ ತಿರುಗಿ ನೋಡಿದ. ಹುಚ್ಚಯ್ಯನವರಿಗೆ ನಾಚಿಕೆಯಾಯಿತು. “ಎರಡು” ಎಂದರು.

ಅದೇ ಲೆಕ್ಕವನ್ನು ಮರಳಿನಲ್ಲಿ ಮಾಡತೊಡಗಿದರು. ಮೊದಲು ಹದಿನೈದು ಸೇರು ಸುರಿದರು. ಅದರಲ್ಲಿ ಐದು ಗೇಣಿಗೆ ಎಂದು ಬದಿಗಿಟ್ಟರು, ಮೂರು ಕೂಲಿಗೆ. ಏಳು ಉಳಿಯಿತು.

“ಅದೇನಕ್ಕೆ ಹದಿನೈದೇ ಇಟ್ಟೆ?”

“ಇಡ್ಬೇಕು ಕಣವ್ವ.”

“ಯಾಕೆ?”

“ಯಾಕೆ ಅಂದ್ರೆ? ಇಡ್ಬೇಕು ಅಷ್ಟೆ!” ಎಂದು ಸೇರು ಬಿಸುಟು ನೀರಿನವರೆಗೆ ನಡೆದುಹೋದರು. ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದರು. “ಮೂರ್ಕೂ ಒಡೀತದೆ, ಐದ್ಕೂ ಒಡೀತದೆ. ಹತ್ತಿಟ್ರೆ ಮೂರ್ಕೆ ಒಡೆಯಕ್ಕಿಲ್ಲ. ಅದ್ಕೇ ಹದಿನೈದು. ಬರ್ಕೊ.”

ಅವಳು ಬರೆದುಕೊಂಡಳು.

“ಏಳೇಳರಂಗೆ ಎಂಬತ್ನಾಕರಲ್ಲಿ ಎಷ್ಟು ಸಲ?”

“ಅನ್ನೆರಡು.”

“ಅನ್ನೆರಡು ಹದಿನೈದ್ಲಿ? ನೂರೆಂಬತ್ತು. ಇದೇ ಕಣವ್ವ ನನ್ನ ತಲೇಲಿ ಆಗೋದು! ನಂಗೇ ಗೊತ್ತಿರ್ಲಿಲ್ಲ ನೋಡು.”

ಆ ಹಾಳೆ ನೋಡಿದ ಚಲುವಯ್ಯ ಮೇಷ್ಟ್ರು, ಪುಸ್ತಕದ ದಾರಿ ಬೇರೆ, ಆದರೆ ಇದಕ್ಕೂ ಪೂರ್ತಿ ಅಂಕ ಕೊಡಲೇಬೇಕು ಎಂದರು. ಅಲ್ಲಿಂದ ದಿನವೂ ಬೆಳಗ್ಗೆ ಮರಳು. ಅವಳು ಲೆಕ್ಕ ಓದುವಳು, ಅವರು ಸುರಿದು ಕೂಗುವರು, ಅವಳು ಬರೆಯುವಳು. ಮೂರು ವಾರದಲ್ಲಿ ನೋಟ್‌ಬುಕ್ ಅರ್ಧ ತುಂಬಿತು.

ಸಂಕ್ರಾಂತಿ ಕಳೆದ ಮೇಲೆ ರಾಮಣ್ಣನವರ ಕಣ. ಊರಿಗೇ ದೊಡ್ಡ ರಾಶಿ. ಹುಚ್ಚಯ್ಯ ‘ಲಾಭ’ ಎಂದು ಶುರು ಮಾಡಿದರು. ಮೊದಲ ಬೆಣಚುಕಲ್ಲು ಇಟ್ಟರು. ಎರಡನೆಯ ಖಂಡುಗದ ನಡುವೆ, ಕೊಳಗ ಸುರಿಯುತ್ತ, ದಂಡೆಯಲ್ಲಿ ಕೂಗುವ ಹಾಗೆಯೇ “ಅನ್ನೊಂದು” ಎಂದುಬಿಟ್ಟರು.

ಗೋಣಿಚೀಲದ ಬಾಯಿ ಹಿಡಿದಿದ್ದವರ ಕೈ ನಿಂತಿತು.

“ಏನಂದೆ?” ಎಂದರು ರಾಮಣ್ಣ.

“ಬಾಯಿ ತಪ್ತು ಬುದ್ಧಿ.”

“ಹದಿನೆಂಟು ವರ್ಷದಿಂದ ತಪ್ಪದ್ದು ಈಗೇನ್ಲಾ ತಪ್ಪೋದು? ಅಳಿ, ಅಳಿ. ಸುಮ್ಕೆ ಅಳಿ.”

ಹುಚ್ಚಯ್ಯ ಹಲ್ಲು ಕಚ್ಚಿ ಅಳೆದರು. ಮೂರನೆಯ ಖಂಡುಗ ಮುಗಿಯಿತು. ನಾಲ್ಕನೆಯದರಲ್ಲಿ “ಏಳು” ಎಂಬುದು ಹೊರಬಂತು. ರಾಮಣ್ಣನವರು ಮುಂದೆ ಬಂದು ಕೊಳಗವನ್ನು ಕೈಯಿಂದ ತೆಗೆದುಕೊಂಡು ಚೀಲ ಹಿಡಿದಿದ್ದ ಪಾಪಯ್ಯನಿಗೆ ಕೊಟ್ಟರು. ಬೈಯಲಿಲ್ಲ. ಉಳಿದ ನಾಲ್ಕು ಕಣಗಳವರಿಗೆ ಸುದ್ದಿ ಮುಟ್ಟಲು ಎರಡು ದಿನ ಸಾಕಾಯಿತು.

“ಮಗಳ್ಗೆ ಬಾಯಿ ಕೊಡಕ್ಕೋಗಿ ಕೊಳಗ ಕಳ್ಕೊಂಡ್ಬುಟ್ಟೆ. ವರ್ಸೊಪ್ಪತ್ತಿನ ರಾಗಿ ಎಲ್ಲಿಂದ ತತ್ತೀಯ?” ಎಂದು ಮಾದಮ್ಮ ಮೊರ ಕುಟ್ಟಿದರು.

ಮಲ್ಲಿಗಮ್ಮ ಮರುದಿನ ನೋಟ್‌ಬುಕ್ಕನ್ನು ಗೂಡಿನಲ್ಲಿಟ್ಟು ಕೂತಿದ್ದಳು. “ಸಾಕು ಬುಡಪ್ಪ. ಈಗ್ಲಾದ್ರೂ ಬಾಯಿ ಮುಚ್ಕೊಂಡ್ರೆ ಮುಂದಿನ್ ಸುಗ್ಗಿಗೆ ಕರೀತಾರೆ.”

ಹುಚ್ಚಯ್ಯ ಒಳಗೂ ಹೊರಗೂ ಎರಡು ಸಲ ತಿರುಗಾಡಿದರು. ಆಮೇಲೆ ಸೇರು ಎತ್ತಿಕೊಂಡರು. “ಓಗೋದೆಲ್ಲ ಓಗಾಯ್ತು. ನಡಿಯವ್ವ.”

ಪರೀಕ್ಷೆ ಅರಕಲಗೂಡಿನಲ್ಲಿ. ಗಣಿತದ ದಿನ ಹುಚ್ಚಯ್ಯ ಮೂರು ಗಂಟೆ ಹೊತ್ತು ಕಾಂಪೌಂಡನ್ನು ಸುತ್ತಿದರು, ನಲವತ್ತೆರಡು ಸುತ್ತು. ಗಂಟೆ ಹೊಡೆದ ಮೇಲೆ ಮಗಳು ಬಂದಳು.

“ಹಂತ ಬರುದ್ಯಾ?”

“ಎಲ್ಲ ಬರ್ದೆ. ಬಾಯಲ್ಲಿ ಅನ್ನದೆ ಬರೆಯಕ್ಕೇ ಆಗ್ಲಿಲ್ಲ. ಗದ್ಲ ಮಾಡ್ಬೇಡ ಅಂತ ಅಲ್ಲಿದ್ದ ಮೇಷ್ಟ್ರು ಎರಡು ಸಲ ಬೈದ್ರು.”

ಫಲಿತಾಂಶ ಬರುವ ತನಕ ಹುಚ್ಚಯ್ಯ ಎರಡು ದಿನಕ್ಕೊಮ್ಮೆ ಸ್ಕೂಲಿನವರೆಗೆ ನಡೆದು, ಬೀಗ ನೋಡಿ ಬರುತ್ತಿದ್ದರು. ಕಟ್ಟಾಯದಿಂದ ಸೋದರಮಾವ ಒಮ್ಮೆ ಬಂದು ಉಂಡು, ದಿನ ಕೇಳಿ ಹೋಗಿದ್ದ. ಜೂನಿನ ಮೊದಲ ವಾರ ಬೀಗ ತೆರೆದಿತ್ತು. ಚಲುವಯ್ಯ ಮೇಷ್ಟ್ರು ಪಟ್ಟಿಯ ಮೇಲೆ ಬೆರಳಿಟ್ಟು “ಐವತ್ತೊಂಬತ್ತು” ಎಂದರು.

“ಲೆಕ್ಕದಲ್ಲಾ ಸಾ?”

“ಲೆಕ್ಕದಲ್ಲೇ ಕಣಯ್ಯಾ.”

ಹೈಸ್ಕೂಲು ಶುರುವಾದ ದಿನ ಮಲ್ಲಿಗಮ್ಮನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಹುಚ್ಚಯ್ಯ ಬಸ್ಸಿನವರೆಗೆ ಬಂದರು. ಕೊಳಗ ಅವರ ಕೈಗೆ ಮತ್ತೆ ಬರಲಿಲ್ಲ. ಮುಂದಿನ ಸುಗ್ಗಿಯಲ್ಲಿ ಪಾಪಯ್ಯ ಅಳೆದ. ಹುಚ್ಚಯ್ಯ ಕಣದ ಆಚೆ ಚೀಲ ಹೊರುತ್ತಿದ್ದರು. ಗಾಡಿಗೆ ಒಂದೊಂದು ಚೀಲ ಒಗೆಯುವಾಗಲೂ ಅವರು ಗಟ್ಟಿಯಾಗಿ ಎಣಿಸುವರು. ಆ ಸದ್ದು ರಾಶಿಯವರೆಗೆ ಕೇಳದಿರಲೆಂದು ರಾಮಣ್ಣನವರು ಗಾಡಿಯನ್ನು ಒಂದು ಫರ್ಲಾಂಗು ದೂರ ನಿಲ್ಲಿಸಲು ಹೇಳಿದ್ದರು.