ಬರಿ ಹೊಟ್ಟೆಯ ಪಂಪು

ನಿನ್ನೆ ರಾಮದುರ್ಗದ ಅಂಗಡಿಯೊಂದರಲ್ಲಿ ಯಾರದೋ ನೀರೆತ್ತುವ ಪೆಟ್ರೋಲ್ ಇಂಜಿನ್ನಿನ ಹಳೆಯ ಪೈಪು ಬಿಚ್ಚುತ್ತಿದ್ದರು. ರಬ್ಬರು ಹದ ತಪ್ಪಿದ ಬೆಲ್ಲದಂತೆ ಬೆರಳಿಗೆ ಅಂಟುತ್ತಿತ್ತು. ಹಳಸಿದ ಪೆಟ್ರೋಲಿನ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸುರೇಬಾನದ ನಮ್ಮ ಅಂಗಳದಲ್ಲಿದ್ದೆ... ದಸರೆಯ ಆಯುಧಪೂಜೆ, ನಮ್ಮ ಕಡೆಯ ಖಂಡೆ ಪೂಜೆಯ ಬೆಳಗು. ಅಪ್ಪ, ನಾನು, ನಾನು ಕಾಕು ಎನ್ನುತ್ತಿದ್ದ ಮಗ್ಗಲ ಮನೆಯ ಹಿರಿಯಾಕೆ. ನಡುವೆ ಎರಡೂ ಮನೆಗಳ ನೀರೆತ್ತುವ ಪಂಪುಗಳು, ಮೈ ತೊಳೆದು ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದವು.

ನಮ್ಮಲ್ಲಿ ಅಂದು ಟ್ಯಾಂಕು ತುಂಬಿಸಿಯೇ ಪೂಜೆ. ಆಮೇಲೆ ಪಂಪು ಗೋಣಿತಾಟು ಹೊದ್ದು ಮೂಲೆ ಸೇರಿದರೆ ಬೇಸಿಗೆಗೇ ಹೊರಗೆ. ಕಾಕು ಮಾತ್ರ ಟ್ಯಾಂಕು ಬಗ್ಗಿಸಿ ಪೆಟ್ರೋಲೆಲ್ಲ ಡಬ್ಬಿಗೆ ಸುರಿದಳು. ಪೈಪಿನಲ್ಲಿ ಉಳಿದದ್ದೂ ಉರಿದು ತೀರಲೆಂದು ಇಂಜಿನ್ನು ಚಾಲೂ ಮಾಡಿ, ಅದು ತಾನಾಗಿ ನಿಂತ ಮೇಲೆ ಚೆಂಡುಹೂ ಇಟ್ಟಳು.

"ಬರೇ ಹೊಟ್ಟಿಲೆ ದೇವ್ರ ಮುಂದ ಕುಂದ್ರಸ್ತೀರೇನ್ರಿ ವೈನಿ?" ಅಪ್ಪ ನಕ್ಕ.

"ನಾನೂ ಉಪಾಸ ಅದೇನಿ, ಅದೂ ಇರ್ಲಿ ಬಿಡೊ ತಮ್ಮಾ" ಅಂದಳು ಕಾಕು. "ಈಗಿನ ಪೆಟ್ರೋಲದಾಗ ನಮ್ಮ ಕಬ್ಬಿನ ಸ್ಪಿರಿಟ್ ಕೂಡಸ್ತಾರ. ಕುಂತಲ್ಲೇ ಗಾಳ್ಯಾಗಿನ ನೀರ ಎಳ್ಕೊಂತೈತಿ, ಪೈಪ ಮೆತ್ತಗ ಮಾಡ್ತೈತಿ. ಹ್ವಾದ ವರ್ಷ ನನ್ನ ಔಷಧ ಹೊಡಿಯೋ ಮಷೀನ ಹಂಗ ಹಾಳಾತು."

"ನಾವ ಬೆಳದ ಕಬ್ಬು ನಮಗ ಕಚ್ಚತೈತೇನ್ರಿ?" ಎನ್ನುತ್ತ ಅಪ್ಪ ನಮ್ಮ ಟ್ಯಾಂಕಿಗೆ ಇನ್ನಷ್ಟು ಸುರಿದ.

ಬೇಸಿಗೆಯ ಶುರುವಿನಲ್ಲಿ ಒಂದು ಮಧ್ಯಾಹ್ನ, ಆಚೆ ಹೊಲದವರು ಕಬ್ಬು ಕಡಿದು ಉಳಿದ ಒಣ ರವದಿಗೆ ಹಚ್ಚಿದ್ದ ಬೆಂಕಿ ಗಾಳಿಗೆ ತಿರುಗಿತು. ಚಟಚಟ ಸದ್ದು ನಮ್ಮ ನಿಂತ ಕಬ್ಬಿನತ್ತ ಓಡಿ ಬರುತ್ತಿತ್ತು. ವರ್ಷದ ದುಡಿಮೆಯೆಲ್ಲ ಅದರಲ್ಲೇ. ಗೋಣಿತಾಟು ಕಿತ್ತೆಸೆದು, ಪಂಪು ಹೊತ್ತು ಹಳ್ಳಕ್ಕೆ ಓಡಿದೆವು. ಅಪ್ಪ ಇಂಜಿನ್ನು ಚಾಲೂ ಮಾಡುವ ಹಗ್ಗ ಎಳೆದ. ಕೆಮ್ಮಿತು. ಮತ್ತೆ ಎಳೆದ. ಟ್ಯಾಂಕಿನ ಕೆಳಗಿನ ಪೈಪು ಬಾಯಿಬಿಟ್ಟು ಪೆಟ್ರೋಲು ಅವನ ಧೋತರದ ಮೇಲೆಯೇ ಸುರಿಯಿತು.

"ಹಗ್ಗ ಬಿಡೊ ತಮ್ಮಾ. ಕಿಡಿ ಹಾರಿದ್ರ ಕಬ್ಬಿನಕಿಂತ ಮೊದ್ಲ ನೀನ ಉರೀತಿ."

ಕಾಕು. ತಲೆಯ ಮೇಲೆ ತನ್ನ ಪಂಪು, ಕೈಯಲ್ಲಿ ಆಗಷ್ಟೇ ತಂದ ಪೆಟ್ರೋಲಿನ ಬಾಟಲಿ. ಸ್ಪಿರಿಟಿಗೆ ತಾಳುವಂಥ ಹೊಸ ಪೈಪನ್ನು ಬೇಸಿಗೆಗೆ ಮೊದಲೇ ಹಾಕಿಸಿಟ್ಟಿದ್ದಳು. ಸುರಿದಳು, ಎಳೆದಳು... ಭರ್ರ್ ಅಂತು. ಆ ಸದ್ದಿಗೆ ನನ್ನ ಎದೆ ಕುಣಿದ ಕುಣಿತ ಇವತ್ತಿಗೂ ನಿಂತಿಲ್ಲ. ನೀರಿನ ಪೈಪು ಹಾವಿನಂತೆ ಎದ್ದಿತು. ಅದನ್ನು ಅವುಚಿಕೊಂಡು ನಾನೂ ಕಾಕೂ ಬದುವಿನ ಮೇಲೆ ನಿಂತೆವು. ಹೊಗೆ, ಕೆಸರು, ಅವಳ ಬೈಗುಳ...

ಬೆಂಕಿ ಬದು ದಾಟಲಿಲ್ಲ.

ಪೆಟ್ರೋಲು ಹೀರಿದ ಧೋತರದಲ್ಲೇ ಅಪ್ಪ ದೂರ ನಿಂತು ನೋಡುತ್ತಿದ್ದ. ಕಾಕು ಮುಖದ ಮಸಿ ಒರೆಸಿಕೊಳ್ಳುತ್ತ, "ಏನ ನೋಡಾಕ ಹತ್ತಿ? ಹೋಗಿ ಧೋತರ ಬದಲ ಮಾಡ್ಕೊಂಡ ಬಾ" ಅಂದಳು.

ಕಾಕು ಈಗಿಲ್ಲ. ಅವಳ ಗದರಿಕೆ ಕೇಳದ ಅಂಗಳಕ್ಕೆ ನನಗಿನ್ನೂ ರೂಢಿಯಾಗಿಲ್ಲ... ಹೋದ ಬೇಸಿಗೆಯಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಅಪ್ಪ ಒಬ್ಬನೇ ಹಳ್ಳಕ್ಕೆ ಹೋದ. ಮೊದಲು ಅವಳ ಹೊಲಕ್ಕೆ ನೀರು ಹಾಯಿಸಿ, ಆಮೇಲೆ ನಮ್ಮದಕ್ಕೆ ಬಿಟ್ಟ.