ಬೋರಲಿಂಗಯ್ಯನವರ ತಂಗಿ ಯಾವ ಕೌಂಟಿಯವಳು?

ಮೈಸೂರು ಕಡೆಯ ಬೋರಲಿಂಗಯ್ಯನವರು ಅಮೆರಿಕದ ನ್ಯೂಜರ್ಸಿಯಲ್ಲಿರುವ ಪಿಸ್ಕಾಟವೇಯ ಟೆಲಿಫೋನ್ ಕಂಪನಿಯೊಂದರಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ನಾನು ಪಾಠ ಹೇಳುವ ಭಾನುವಾರದ ಕನ್ನಡ ತರಗತಿಗೆ ಕುರ್ಚಿ ಜೋಡಿಸುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡಿದ್ದರು. ಮಾತು ಕಡಿಮೆ. ತಂಗಿ ನಂದಾಳ ವಿಷಯ ಬಂದರೆ ಇನ್ನೂ ಕಡಿಮೆ.

ನಂದಾಳ ಮದುವೆ ಮುರಿದಿತ್ತು. ಯಾರೋ ತನ್ನನ್ನು ಬೈಯುತ್ತಿರುವಂತೆ ಅವಳಿಗೆ ಸದಾ ಕೇಳಿಸುತ್ತಿತ್ತು. ಆರು ವರ್ಷ ಅಣ್ಣನ ಮನೆಯಲ್ಲೇ ಇದ್ದಳು. ಕೇಳಿದವರಿಗೆಲ್ಲ ಅಣ್ಣ, "ಜರ್ಸಿ ಸಿಟಿಯಿಂದ ಬಂದಿದ್ದಾಳೆ, ನಾಲ್ಕು ದಿನ ಇದ್ದು ಹೋಗ್ತಾಳೆ" ಎನ್ನುತ್ತಿದ್ದರು. ಕಾಯಿಲೆಯ ಮಾತು ಹೊರಗೆ ಬೀಳಬಾರದೆಂದು ಸರ್ಕಾರಿ ಕಾಗದಗಳಲ್ಲಿ ಅವಳ ವಿಳಾಸವನ್ನೂ ಬದಲಾಯಿಸಿರಲಿಲ್ಲ.

ಹೋದ ವರ್ಷ ಕಾಯಿಲೆ ಹೆಚ್ಚಾಗಿ ನಂದಾ ಆಸ್ಪತ್ರೆ ಸೇರಿದಳು. ಚೇತರಿಸಿಕೊಂಡ ಮೇಲೆ ಡಾಕ್ಟರು, ಅಣ್ಣನ ಮನೆಗೆ ಹತ್ತಿರವಿರುವ ಆರೈಕೆಯ ಮನೆಯೊಂದಕ್ಕೆ ಕಳಿಸಬಹುದು ಎಂದರು. ಅಲ್ಲೊಂದು ಕೋಣೆ ಖಾಲಿಯಿತ್ತು. ಅದರ ಖರ್ಚು ರೋಗಿ ವಾಸವಿರುವ ಕೌಂಟಿಯದು, ಅಂದರೆ ಅಲ್ಲಿಯ ಜಿಲ್ಲಾಡಳಿತದ್ದು. ಆದರೆ ನಂದಾ ಯಾವ ಕೌಂಟಿಯವಳು? ಜರ್ಸಿ ಸಿಟಿ ಇರುವ ಹಳೆಯ ಕೌಂಟಿಯವರು, ಅವಳು ಇಲ್ಲಿಂದ ಹೋಗಿ ಎಷ್ಟೋ ಕಾಲವಾಯಿತು ಎಂದರು. ಇಲ್ಲಿಯವರು, ಅವಳು ಇಲ್ಲಿಗೆ ಬರೀ ನೆಂಟಳಾಗಿ ಬಂದವಳು, ಪಕ್ಕದ ಮನೆಯವರೇ ಹಾಗೆ ಹೇಳಿದ್ದಾರೆ ಎಂದರು. ಇತ್ಯರ್ಥವಾಗುವವರೆಗೆ ನಂದಾ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಕೋಣೆಯನ್ನು ತಿಂಗಳ ಕೊನೆಯವರೆಗೆ ಮಾತ್ರ ಕಾದಿರಿಸುವುದಾಗಿ ಆರೈಕೆಯ ಮನೆಯವರು ತಿಳಿಸಿದರು.

ಪಕ್ಕದ ಮನೆಯವರೆಂದರೆ ನಮ್ಮ ತರಗತಿಗೇ ಬರುವ ನೀತಾ. ತರಗತಿ ಮುಗಿದ ಮೇಲೆ ಬೋರಲಿಂಗಯ್ಯನವರು ಎಲ್ಲರೆದುರಿಗೇ ಅವರನ್ನು ನಿಲ್ಲಿಸಿದರು.

"ನೀತಮ್ಮ, ನಂದಾ ನಮ್ಮನೆಗೆ ನೆಂಟರು ಅಂತ ಕೌಂಟಿ ಆಫೀಸಿನೋರಿಗೆ ಹೇಳಿದ್ರಂತೆ."

"ನೀವೇ ಹೇಳ್ತಿದ್ರಲ್ಲ ಅಂಕಲ್. ನಿಮ್ಮ ನಾಲ್ಕು ದಿನ ಮುಗಿಯೋದೇ ಇಲ್ಲ ಅಂತ ನಾವು ನಗ್ತಿದ್ವಿ."

"ನಿಮ್ಮ ತಪ್ಪಲ್ಲ. ಅವಳಿಗೆ ಮನಸ್ಸಿನ ಕಾಯಿಲೆ. ಇಷ್ಟು ವರ್ಷ ನಮ್ಮನೇಲೇ ಇದ್ಲು. ನಾನು ಮುಚ್ಚಿಟ್ಟೆ. ಕೌಂಟಿಯೋರು ವಿಚಾರಣೆ ಇಟ್ಟಿದ್ದಾರೆ. ಆ ಹಿಯರಿಂಗ್‌ಗೆ ಬಂದು ನೀವು ಕಂಡಿದ್ದನ್ನ ಹೇಳಿ."

ನೀತಾ ಸ್ವಲ್ಪ ಯೋಚಿಸಿದರು.

"ಪ್ರತೀ ವಿಂಟರ್ ನಂದಾ ಅವರು ನಿಮ್ಮ ಮನೆ ಮುಂದಿನ ಡ್ರೈವ್‌ವೇ ಸ್ನೋ ಎಲ್ಲ ತೆಗೆದು, ನಮ್ದೂ ತೆಗೀತಿದ್ರು ಅಂಕಲ್. ನೆಂಟರು ಹಾಗೆ ಮಾಡ್ತಾರಾ? ಅದನ್ನೇ ಹೇಳ್ತೀನಿ. ರಜಾ ಹಾಕಿ ಬರ್ತೀನಿ."

ನೀತಾ ಬಂದು ಹೇಳಿದರು. ಬೋರಲಿಂಗಯ್ಯನವರೂ ಆರು ವರ್ಷದ ಸಂಗತಿಯನ್ನು ತಾವೇ ವಿವರಿಸಿದರು. ಇಲ್ಲಿಯ ಕೌಂಟಿ ಒಪ್ಪಿತು. ಆಸ್ಪತ್ರೆಯ ಹಳೆಯ ಬಾಕಿಗಾಗಿ ಎರಡು ಕಚೇರಿಗಳೂ ಇನ್ನೂ ಕಿತ್ತಾಡುತ್ತಿವೆಯಂತೆ. ನಂದಾಳಿಗಂತೂ ಕೋಣೆ ಸಿಕ್ಕಿತು.

ಮೊನ್ನೆ ಐಸೆಲಿನ್‌ ಊರಿನ ಇಂಡಿಯನ್ ಅಂಗಡಿಯಲ್ಲಿ ಅಣ್ಣತಂಗಿ ಇಬ್ಬರೂ ಕಂಡರು. ಆರೈಕೆಯ ಮನೆಯಲ್ಲಿ ಊಟ ಹೇಗಿದೆ ಎಂದು ನಂದಾಳನ್ನು ಕೇಳಿದೆ.

"ಸಪ್ಪೆ ಮೇಷ್ಟ್ರೇ. ಉಪ್ಪಿನಕಾಯಿ ಕೊಡಿಸ್ಲಿ ಅಂತ ಅಣ್ಣನ್ನ ಎಳ್ಕೊಂಡು ಬಂದೆ."